ಲೇತಿಗೆ ನೀರೆರೆದ ವರ್ಷ

ಚನ್ನಪಟ್ಟಣದಲ್ಲಿ ಮರ ಕಡೆಯುವ ಲೇತು ಕೆಟ್ಟರೆ ಅದನ್ನು ರಿಪೇರಿಗೆಂದು ರಾಮನಗರಕ್ಕೆ ಹೊತ್ತುಕೊಂಡು ಹೋಗುವ ಪೆದ್ದರು ಯಾರೂ ಇಲ್ಲ. ನಮ್ಮ ಬೀದಿಯೊಂದರಲ್ಲೇ ನಾಲ್ಕು ಮನೆಗಳಲ್ಲಿ ಬೊಂಬೆಯ ಲೇತುಗಳಿವೆ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಶುರುವಾದ ಗುಂಯ್ ಶಬ್ದ ಕರೆಂಟು ಹೋದಾಗಷ್ಟೇ ನಿಲ್ಲುತ್ತದೆ. ಮಿಸ್ತ್ರಿ ಬೇಕೆಂದರೆ ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು. ಅಂಥ ಊರಿನಲ್ಲಿದ್ದುಕೊಂಡು ನಾನು ಲೇತಿನ ತಲೆಭಾಗವನ್ನು ಅಕ್ಕಿಚೀಲಕ್ಕೆ ತುಂಬಿ ರಾಮನಗರದ ಬಸ್ಸು ಹತ್ತಿದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಹಾಗೆ. ಆದರೆ ನನಗೆ ಬೇರೆ ದಾರಿ ಇರಲಿಲ್ಲ. ಆ ಲೇತು ನನ್ನ ಅತ್ತೆಯದು, ಅದನ್ನು ಕೆಡಿಸಿದವಳು ನಾನು, ಊರಿನ ಮಿಸ್ತ್ರಿಗಳೆಲ್ಲ ಅತ್ತೆಗೆ ಗೊತ್ತಿದ್ದವರು.

ಅತ್ತೆ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಬೊಂಬೆ ಕಾರ್ಖಾನೆ ಸೇರಿ, ಬುಗುರಿ, ಗಿಲಕಿ, ಬಳೆ ಎಂದು ಅರ್ಧ ಆಯುಷ್ಯ ಲೇತಿನ ಮುಂದೆಯೇ ಕಳೆದವರು. ಮಂಡಿ ನೋವು ಬಂದು ಅಲ್ಲಿ ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಕಡೆಯೋಣವೆಂದು ಬೆಂಗಳೂರಿನ ಅಂಗಡಿಯೊಂದರಿಂದ ಮೇಜಿನ ಮೇಲಿಡುವ ಲೇತು ತರಿಸಿದರು. ನಮ್ಮೂರಿನ ಲೇತುಗಳ ಹೊಟ್ಟೆ ಕರುಳೆಲ್ಲ ಹೊರಗೇ ಕಾಣುತ್ತದೆ. ಇದು ಹಾಗಲ್ಲ, ರಟ್ಟಿನ ಪೆಟ್ಟಿಗೆಯಲ್ಲಿ ಬಂದ, ನೀಲಿ ಬಣ್ಣದ, ಎಲ್ಲವನ್ನೂ ಒಳಗೆ ಮುಚ್ಚಿಟ್ಟುಕೊಂಡ ಮೆಷೀನು. ನಡುಮನೆಯ ಕಿಟಕಿಯ ಕೆಳಗೆ ಅದು ಕೂತು ಹನ್ನೆರಡು ವರ್ಷವಾಗಿತ್ತು.

ನಾನು ದೊಡ್ಡಆಲಹಳ್ಳಿಯ ರೈತರ ಮನೆಯ ಹುಡುಗಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಅತ್ತೆಗೂ ಅಷ್ಟೆ. ಹಾಗಾಗಿ ಆ ಲೇತಿನ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಗದ ವಾರವೇ ಇರಲಿಲ್ಲ. ಅಡುಗೆಮನೆಗೂ ನಡುಮನೆಗೂ ನಡುವೆ ಬಾಗಿಲಿಲ್ಲ. ಒಂದು ದಿನ ನಾನು ತಟ್ಟೆ ಹಿಡಿದುಕೊಂಡೇ ಹೋಗಿ, "ಅತ್ತೆ, ಸಾರಿಗೆ ಮರದ ಹೊಟ್ಟು ಬಿದ್ದೈತೆ ನೋಡಿ" ಎಂದೆ. ಅವರು ಉಳಿಯಿಂದ ಕಣ್ಣು ಕೀಳದೆ, "ಬೊಂಬೆ ಕಡಿಯೋ ಆಲೆಮರದ್ದು ಕಣವ್ವ, ಒಗ್ಗರಣೆ ಅನ್ಕಂಡು ತಿನ್ನು" ಎಂದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನನ್ನ ಲಟ್ಟಣಿಗೆಯ ಮುರಿದ ಹಿಡಿಗೆ ಬದಲು ಕೆಂಪು ಹಳದಿ ಗೆರೆಯ ಹೊಸ ಹಿಡಿ ಕೂತಿತ್ತು. ಅತ್ತೆಯ ರಾಜಿ ಇರುತ್ತಿದ್ದದ್ದೇ ಹಾಗೆ.

ದಸರೆಗೆ ಮುಂಚೆ ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಕಾಫಿ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಏಳಲಿಲ್ಲ. ಲಕ್ವ ಎಂದರು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಮಾತು ಉಳಿಯಿತು, ಕಾಲು ಉಳಿಯಿತು, ಬಲಗೈ ಮಾತ್ರ ತೊಡೆಯ ಮೇಲೆ ಹಾಗೇ ಬಿದ್ದಿತ್ತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ಮೊದಲ ಕೆಲವು ತಿಂಗಳಲ್ಲಿ ಕೈ ಎಷ್ಟು ಕಲಿಯುತ್ತದೋ ಅಷ್ಟು, ಆಮೇಲೆ ಕಲಿಸುವುದು ಕಷ್ಟ, ದಿನಾ ಕೆಲಸ ಕೊಡುತ್ತಿರಬೇಕು. ಅತ್ತೆ ಕೇಳಿದ್ದು ಒಂದೇ ಮಾತು. "ಲೇತ್ ಮುಂದೆ ಕೂರಬೋದಾ ಸಾ?" ಡಾಕ್ಟರು ಒಂದು ಗಳಿಗೆ ಯೋಚಿಸಿ, ಪಕ್ಕದಲ್ಲಿ ಒಬ್ಬರು ಇದ್ದರೆ, ನಿಧಾನದ ಕೆಲಸವಾದರೆ, ಅದಕ್ಕಿಂತ ಒಳ್ಳೆಯ ಔಷಧ ತಾನೂ ಕೊಡಲಾರೆ ಎಂದರು. ಅವತ್ತು ಅತ್ತೆಯ ಮುಖ ನೋಡಿದ ಮೇಲೆ ನನಗೆ ಅನುಮಾನವೇ ಉಳಿಯಲಿಲ್ಲ, ಆ ಮೆಷೀನು ತಿರುಗಿದರೆ ಕೈ ಬರುತ್ತದೆ.

ಆಯುಧಪೂಜೆಯ ದಿನವೂ ಅತ್ತೆ ಆಸ್ಪತ್ರೆಯಲ್ಲೇ ಇದ್ದರು. ನಮ್ಮ ಯಜಮಾನರು ಅವರ ಜೊತೆಗಿದ್ದರು, ಮಾವ ತಮ್ಮ ದಿನಸಿ ಅಂಗಡಿಯ ತಕ್ಕಡಿಗೆ ಪೂಜೆ ಮಾಡಲು ಹೋಗಿದ್ದರು. ಮನೆಯಲ್ಲಿ ನಾನು, ಲೇತು ಇಬ್ಬರೇ. ಅದರ ಮೇಲೆ ಹೊಟ್ಟು, ಅರಗು, ಎಣ್ಣೆಯ ಜಿಡ್ಡು ಪದರ ಪದರವಾಗಿ ಕೂತಿತ್ತು. ನಮ್ಮಪ್ಪ ತವರಿನಲ್ಲಿ ಹೇಳುತ್ತಿದ್ದ ಮಾತು ನೆನಪಾಯಿತು. "ತೊಳೀದೆ ಪೂಜೆ ಮಾಡೋದು ಮಕ ತೊಳೀದೆ ಕುಂಕ್ಮ ಇಟ್ಕಂಡಂಗೆ" ಎನ್ನುತ್ತಿದ್ದರು. ನೇಗಿಲು, ನೊಗ, ಟ್ರ್ಯಾಕ್ಟರು, ಕುಡುಗೋಲು, ಎಲ್ಲಕ್ಕೂ ಮಜ್ಜನವಾದ ಮೇಲೆಯೇ ಹೂವು. ನಾನು ಸೆರಗು ಸಿಕ್ಕಿಸಿ, ಹಿತ್ತಿಲಿನ ಪೈಪನ್ನು ಕಿಟಕಿಯಿಂದ ಒಳಗೆ ಎಳೆದು, ಸೋಪಿನಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಆ ಲೇತಿಗೆ ಹಸುವಿಗೆ ಮೈತೊಳೆಸುವ ಹಾಗೆ ಮೈತೊಳೆಸಿದೆ. ಸಂದುಗೊಂದಿಗೆಲ್ಲ ನೀರು ಹಿಡಿದೆ. ನೀಲಿ ಬಣ್ಣ ಹೊಳೆಯತೊಡಗಿದಾಗ ನನಗೇ ಹೆಮ್ಮೆಯಾಯಿತು. ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದೆ. ಅತ್ತೆ ಬಂದು ನೋಡಿ ಏನನ್ನುತ್ತಾರೋ ಎಂದು ದಿನ ಎಣಿಸಿದೆ.

ಹತ್ತು ದಿನದ ಮೇಲೆ ಅತ್ತೆ ಬಂದರು. ಸೀದಾ ಲೇತಿನ ಮುಂದೆ ಹೋಗಿ ನಿಂತು ಬಹಳ ಹೊತ್ತು ನೋಡಿದರು. ಒಣಗಿದ ಹಾರವನ್ನು ಎಡಗೈಯಲ್ಲಿ ಮುಟ್ಟಿದರು. ನಾನು ಸಂಭ್ರಮದಿಂದ ಸ್ವಿಚ್ ಒತ್ತಿದೆ. ಮೆಷೀನು ಗೊಂ ಎಂದಿತು, ಒಂದು ಸುತ್ತೂ ತಿರುಗಲಿಲ್ಲ. ಬೆಲ್ಟಿನ ರಬ್ಬರು ಸುಟ್ಟ ವಾಸನೆ ಬಂತು. ನಮ್ಮ ಯಜಮಾನರು ಓಡಿಬಂದು ಸ್ವಿಚ್ ಆರಿಸಿದರು. ಏನಾಗಿದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಆದರೆ ಬಾಯಿಗೆ ಬಂದದ್ದು ಬೇರೆ. "ಹಬ್ಬದ ದಿನ ವೋಲ್ಟೇಜು ಏರುಪೇರಾಗ್ತಿತ್ತು. ಅದ್ರಲ್ಲೇ ಹೋಗೈತೆ ಅನ್ಸುತ್ತೆ" ಎಂದೆ. ಅತ್ತೆ ನನ್ನ ಮುಖ ನೋಡಿ, "ಹೂಂ" ಎಂದರು.

"ಒಳ್ಳೇದೇ ಆಯ್ತು ಬುಡು" ಎಂದರು ಯಜಮಾನರು. "ಗುಜ್ರಿಗೆ ಹಾಕನ. ಅವ್ವ ಇನ್ನೇನು ಕಡಿಯೋದು, ಕೈಗಿಯ್ಯಿ ಸಿಕ್ಕಾಕ್ಕಂಡ್ರೆ?" ಅವರದು ಕೆಟ್ಟ ಮನಸ್ಸಲ್ಲ. ತಾಯಿಗೆ ಏನಾದರೂ ಆದೀತೆಂಬ ಹೆದರಿಕೆ ಅವರಿಂದ ಹಾಗೆ ಮಾತಾಡಿಸುತ್ತಿತ್ತು. ಆದರೆ ಅತ್ತೆ ಅವತ್ತು ರಾತ್ರಿ ಊಟ ಬೇಡವೆಂದರು. ಆಸ್ಪತ್ರೆಯವರು ಹಿಸುಕಲೆಂದು ಕೊಟ್ಟಿದ್ದ ಹಳದಿ ರಬ್ಬರ್ ಚೆಂಡಿಗೆ ನಗುವ ಮುಖ ಬರೆದಿತ್ತು. "ಇದ್ರ ಮೂತಿ ನೋಡು, ನನ್ನೇ ನೋಡಿ ನಗ್ತದೆ" ಎಂದು ಅದನ್ನು ಮಂಚದ ಕೆಳಕ್ಕೆ ಉರುಳಿಸಿಬಿಟ್ಟರು. ಬಲಗೈ ಸೆರಗಿನೊಳಗೆ ಸೇರಿತು. ಮನೆಗೆ ಯಾರಾದರೂ ಬಂದರೆ ಅದನ್ನು ಹೊರಗೇ ತೆಗೆಯುತ್ತಿರಲಿಲ್ಲ. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಕೋಪ ಬರುತ್ತಿತ್ತು.

ಬೆಂಗಳೂರಿನ ಆ ಅಂಗಡಿಗೆ ಫೋನ್ ಮಾಡಿದರೆ ಎತ್ತಿದವರು ಈಗ ಅಲ್ಲಿ ಬಾತ್‌ರೂಮ್ ಟೈಲ್ಸ್ ಮಾರುತ್ತೇವೆ ಎಂದರು. ಮೊಬೈಲಿನಲ್ಲಿ ವಿಡಿಯೋಗಳನ್ನು ಹುಡುಕಿದೆ. ಯಾವುದೋ ದೇಶದ ಗಡ್ಡದ ಗಂಡಸರು ತಮ್ಮ ತಮ್ಮ ಮೆಷೀನು ಬಿಚ್ಚುತ್ತಿದ್ದರು, ಒಂದೂ ನಮ್ಮದರ ಹಾಗಿರಲಿಲ್ಲ. ಕೊನೆಗೆ ಯಜಮಾನರ ಸ್ಕೂಟರಿನ ಸ್ಪ್ಯಾನರ್ ತೆಗೆದುಕೊಂಡು, ಕೆಳಗಿನ ನಾಲ್ಕು ಬೋಲ್ಟು ಬಿಚ್ಚಿ, ತಿರುಗುವ ತಲೆಭಾಗವನ್ನು ಎತ್ತಿ ಚೀಲಕ್ಕಿಟ್ಟೆ. "ರಾಮನಗರದಲ್ಲಿ ತೋರಿಸ್ಕಂಡು ಬತ್ತೀನಿ ಅತ್ತೆ" ಎಂದೆ.

"ಇಲ್ಲೇ ಮಿಸ್ತ್ರಿಗಳವ್ರಲ್ಲವ್ವ."

"ಇವ್ರಿಗೆ ಈ ತರದ್ದು ತಿಳಿಯಕಿಲ್ಲ."

"ಹೂಂ" ಎಂದರು ಅತ್ತೆ.

ಬಸ್ಸಿನಲ್ಲಿ ಕಂಡಕ್ಟರು ಚೀಲವನ್ನು ಕಾಲಿನಿಂದ ತಳ್ಳಿ ನೋಡಿದರು, ಅದು ಅಲುಗಲಿಲ್ಲ. "ಅಕ್ಕಿ ಅಲ್ಲ ಇದು" ಎಂದರು. "ಲೇತಿನ ತಲೆ" ಎಂದೆ. "ನಿಮ್ಗೆ ಫ್ರೀ ಕಣಕ್ಕ, ತಲೆಗೆ ಲಗೇಜ್ ಆಯ್ತದೆ" ಎಂದು ಟಿಕೆಟ್ ಹರಿದರು. ಜಗಳವಾಡುವಷ್ಟು ಜೀವ ಅವತ್ತು ನನ್ನಲ್ಲಿರಲಿಲ್ಲ.

ರಾಮನಗರದ ಐಜೂರಿನ ಹತ್ತಿರ ಒಂದು ಮೋಟರ್ ವೈಂಡಿಂಗ್ ಅಂಗಡಿಯಿದೆ. ರೇಷ್ಮೆ ನೂಲು ತೆಗೆಯುವವರ ಮೋಟರು, ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ, ಎಲ್ಲ ಅಲ್ಲಿಗೆ ಬರುತ್ತದೆ. ಅದರ ಮಾಲೀಕರನ್ನು ಎಲ್ಲರೂ ಭಾಯ್ ಎನ್ನುತ್ತಾರೆ. ಗಡ್ಡ ನರೆತ, ಮಾತು ಕಡಿಮೆಯ ಮನುಷ್ಯ. ಚೀಲ ಬಿಚ್ಚಿ, ತಿರುಗಿಸಲು ನೋಡಿ, ಸಂದಿಗೆ ಟಾರ್ಚು ಬಿಟ್ಟು, ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನು ನನಗೆ ತೋರಿಸಿದರು. "ಬೇರಿಂಗು ತುಕ್ಕು ಹಿಡಿದು ಕಚ್ಕಂಡೈತೆ ಅಮ್ಮ. ಮಳೆಗಿಳೆಗೆ ಸಿಕ್ಕಿತ್ತಾ?"

"ನಾನೇನೂ ಮಾಡ್ಲಿಲ್ಲ" ಎಂದೆ.

ಭಾಯ್ ತಲೆಯೆತ್ತಿ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದೆ ನಾನು. ಅವರು ಟಾರ್ಚು ಆರಿಸಿದರು. "ಬೇರಿಂಗ್ ಹಾಕೋದು ದೊಡ್ಡದಲ್ಲ. ಒಳಗಡೆ ಸರಳು ಯಾವ ಕಡೆಯಿಂದ ಆಚೆ ಬತ್ತದೆ ಅಂತ ತಿಳೀಬೇಕು. ಇದು ಬೀಡು ಕಬ್ಬಿಣ. ತಪ್ಪು ಕಡೆಯಿಂದ ಸುತ್ತಿಗೆ ಬಿದ್ರೆ ಗಡಿಗೆ ಒಡೆದಂಗೆ ಒಡೀತದೆ, ಆಮೇಲೆ ದೇವ್ರು ಬಂದ್ರೂ ಆಗಲ್ಲ. ಕಂಪನಿ ನಕ್ಷೆ ತಕಂಬನ್ನಿ" ಎಂದು ಅದನ್ನು ತಮ್ಮ ಬೆಂಚಿನ ಕೆಳಗೆ ಇಟ್ಟುಕೊಂಡರು.

ಕಂಪನಿಯ ಸಹಾಯದ ನಂಬರು ಸಿಕ್ಕಿತು. ಒಂದು ಒತ್ತಿ, ಎರಡು ಒತ್ತಿ ಎಂದು ಇಂಗ್ಲಿಷಿನಲ್ಲಿ ಹಿಂದಿಯಲ್ಲಿ ಆಟವಾಡಿಸಿ, ನಾಲ್ಕನೆಯ ದಿನ ಒಬ್ಬ ಹುಡುಗಿ ಕನ್ನಡದಲ್ಲಿ ಮಾತಾಡಿದಳು. "ಮೇಡಂ, ಮೆಷೀನಿನ ಫಲಕದ ಮೇಲೆ ಮಾಡೆಲ್ ಸಂಖ್ಯೆ ಇರುತ್ತದೆ, ದಯವಿಟ್ಟು ಓದಿ ಹೇಳಿ." ಫಲಕವಿದ್ದದ್ದು ಮನೆಯಲ್ಲೇ ಉಳಿದಿದ್ದ ಲೇತಿನ ಹಾಸಿನ ಮುಂಭಾಗದಲ್ಲಿ. ಅದರ ಮೇಲೆ ಹನ್ನೆರಡು ಆಯುಧಪೂಜೆಗಳ ಅರಿಶಿನ ಕುಂಕುಮ ಎಣ್ಣೆಯೊಂದಿಗೆ ಗಾರೆಯಾಗಿ ಕೂತಿತ್ತು. ಅಷ್ಟೆಲ್ಲ ತಿಕ್ಕಿ ತೊಳೆದವಳು ಆ ಜಾಗವನ್ನು ಮಾತ್ರ ಮುಟ್ಟಿರಲಿಲ್ಲ, ಅತ್ತೆ ಇಟ್ಟ ಕುಂಕುಮವನ್ನು ಅಳಿಸುವುದು ಹೇಗೆ ಎಂದು. ಈಗ ಅತ್ತೆ ಮಲಗಿದ್ದ ಹೊತ್ತು ನೋಡಿ, ದೇವರಿಗೆ ಕೈಮುಗಿದು, ಹೇರ್‌ಪಿನ್ನಿನಲ್ಲಿ ಕೆರೆದೆ. ಒಂದೊಂದೇ ಅಂಕಿ ಕಂಡಿತು, ಮತ್ತೆ ಆ ಹುಡುಗಿಗೆ ಫೋನ್ ಮಾಡಿ ಓದಿ ಹೇಳಿದೆ. ಹುಡುಗಿ ಕೀಲಿಮಣೆ ಕುಟ್ಟಿ, "ಆ ಮಾಡೆಲ್ ನಿಂತುಹೋಗಿದೆ ಮೇಡಂ. ಬಿಡಿಭಾಗ ಇಲ್ಲ. ನಕ್ಷೆಯನ್ನು ಗ್ರಾಹಕರಿಗೆ ಕೊಡಲು ಅವಕಾಶವಿಲ್ಲ" ಎಂದಳು.

ನನ್ನ ಸಿಟ್ಟು ನೆತ್ತಿಗೇರಿತು. ಪುಸ್ತಕದ ಭಾಷೆಯೆಲ್ಲ ಹಾರಿಹೋಯಿತು. "ನೋಡವ್ವ, ನಮ್ಮತ್ತೆ ಕೈ ಬಿದ್ದೋಗೈತೆ. ಈ ಮಿಸಿನ್ ತಿರುಗಿದ್ರೇನೇ ಆ ಕೈ ಬರೋದು. ದಿನ ಓಡ್ತಾ ಅವೆ. ನಾನೇ ಪಾಪಿ, ಆಯುಧಪೂಜೆ ಅಂತ ಪೈಪ್ ಹಿಡಿದು ತೊಳೆದ್ಬುಟ್ಟೆ. ಮನೇಲಿ ಯಾರಿಗೂ ಹೇಳಿಲ್ಲ" ಎಂದೆ. ಹೇಳಿದ ಮೇಲೆ ಅಳುವೇ ಬಂದುಬಿಟ್ಟಿತು. ಗಂಡನಿಗೆ ಹೇಳದ್ದನ್ನು, ದೇವರ ಮುಂದೆಯೂ ಬಾಯಿಬಿಡದ್ದನ್ನು, ಮುಖ ನೋಡದ ಹುಡುಗಿಗೆ ಹೇಳಿದ್ದೆ.

ಆ ಕಡೆ ಅವಳ ದನಿಯೇ ಬೇರೆಯಾಯಿತು. "ಯಾವೂರಕ್ಕ ನಿಮ್ದು?"

"ಚನ್ನಪಟ್ಟಣ. ತವರು ಕನಕಪುರದ ಕಡೆ."

"ನಂದು ಮಾಗಡಿ ತಾಲ್ಲೂಕು, ತಿಪ್ಪಸಂದ್ರದ ಹತ್ರ. ನಮ್ಮಪ್ಪ ಒಂದ್ಸಲ ಹಬ್ಬದ ದಿನ ಫ್ರಿಜ್ಜಿಗೆ ಬಿಂದಿಗೆ ನೀರು ಹುಯ್ದಿದ್ರು. ನಮ್ಮಮ್ಮ ಈಗ್ಲೂ ಅದನ್ನೇ ಆಡ್ಕಂಡು ನಗ್ತಾರೆ. ಒಸಿ ಟೈಮ್ ಕೊಡಿ. ಮೇಲಿನವ್ರನ್ನ ಕೇಳ್ತೀನಿ."

ಎರಡು ದಿನದ ಮೇಲೆ ಮೊಬೈಲಿಗೆ ಒಂದು ಹಾಳೆಯ ಚಿತ್ರ ಬಂತು. ಲೇತಿನ ತಲೆಯನ್ನು ಬಿಡಿಬಿಡಿಯಾಗಿ ಬಿಚ್ಚಿ, ಒಂದೊಂದು ಭಾಗವನ್ನೂ ಸಾಲಾಗಿ ಹರಡಿ, ನಂಬರು ಹಾಕಿದ್ದರು. ಜೊತೆಗೆ ಅವಳ ದನಿಯಲ್ಲಿ ಒಂದು ಸಂದೇಶ: "ಮೇಲಿನವ್ರು ಒಪ್ಪಿದ್ರು ಕಣಕ್ಕ. ಹಿಂದಿನ ಕೈಚಕ್ರ ಬಿಚ್ಚಿ. ಬೆಲ್ಟು ಓಡೋ ಪುಲ್ಲಿ ಒಳಗಡೆ ಹಳ್ಳದಲ್ಲಿ ಎರಡು ಸಣ್ಣ ಸ್ಕ್ರೂ ಅವೆ, ಕಣ್ಣಿಗೆ ಕಾಣಲ್ಲ, ಅವನ್ನ ಸಡಿಲ ಮಾಡಿ. ಆಮೇಲೆ ಹಿಂದಿನಿಂದ ಮುಂದಕ್ಕೆ ತಟ್ಟಬೇಕು. ಮುಂದಿನಿಂದ ಮಾತ್ರ ಬ್ಯಾಡ. ಬೇರಿಂಗ್ ನಮ್ಮಲ್ಲಿಲ್ಲ, ಆದ್ರೆ ಅದರ ನಂಬರು ಪಟ್ಟೀಲೈತೆ, ಅದು ಎಲ್ಲಾ ಕಡೆ ಸಿಗೋ ಅಂಥದ್ದು. ಬೆಲ್ಟು ಮಾತ್ರ ನಮ್ದೇ ಅಳತೆ. ಗೋಡೌನಲ್ಲಿ ಒಂದೇ ಒಂದು ಉಳಿದಿತ್ತು, ಕೊರಿಯರ್‌ಗೆ ಹಾಕ್ಸಿದೀನಿ." ಆ ಸಂದೇಶವನ್ನು ನಾನು ಇನ್ನೂ ಅಳಿಸಿಲ್ಲ.

ಬೆಲ್ಟು ಬಂದ ದಿನವೇ ರಾಮನಗರಕ್ಕೆ ಹೋದೆ. ಭಾಯ್ ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿ, ನಂಬರು ಓದಿ, ನಕ್ಕರು. "ಇದಾ? ಇದು ನಮ್ಮ ಪಂಪ್‌ಸೆಟ್ ಬೇರಿಂಗು. ಕನಕಪುರದ ಕಡೆ ತೋಟ ತೋಟದಲ್ಲೂ ತಿರುಗ್ತಾ ಐತೆ" ಎಂದು ಹಿಂದಿನ ಗೂಡಿಗೆ ಕೈ ಹಾಕಿ ಎರಡು ಪೊಟ್ಟಣ ತೆಗೆದರು. ಪುಲ್ಲಿಯ ಹಳ್ಳದಲ್ಲಿ, ಹುಡುಗಿ ಹೇಳಿದ ಜಾಗದಲ್ಲೇ, ಎರಡು ಸ್ಕ್ರೂಗಳಿದ್ದವು. ಹಿಂದಿನಿಂದ ಮರದ ಕೊಡತಿಯಲ್ಲಿ ಆರೇಳು ಸಲ ತಟ್ಟಿದ ಮೇಲೆ ಸರಳು ಮುಂದಕ್ಕೆ ಸರಿಯಿತು. ಭಾಯ್ ಹಳೆಯ ಬೇರಿಂಗುಗಳನ್ನು ತೆಗೆದು ಹೊಸವನ್ನು ಕೂರಿಸಿದರು. ಹೊರಡುವಾಗ ಭಾಯ್ ಚೀಲದ ಬಾಯಿ ಕಟ್ಟುತ್ತಾ, "ಮುಂದಿನ ಹಬ್ಬಕ್ಕೆ ಇದನ್ನ ಒಸಿ ಮಳೆಯಿಂದ ದೂರ ಇಡಿ ಅಮ್ಮ" ಎಂದರು.

ಯಜಮಾನರು ಗೊಣಗುತ್ತಲೇ ಹೊಸ ಬೆಲ್ಟು ಹಾಕಿ ಬೋಲ್ಟು ಬಿಗಿದರು. ಕಡಿಮೆ ವೇಗ, ಉಳಿ ಹಿಡಿಯುವಂತಿಲ್ಲ, ಬಣ್ಣದ ಅರಗು ಹಚ್ಚುವುದು ಮಾತ್ರ, ಪಕ್ಕದಲ್ಲಿ ನಾನಿರಬೇಕು ಎಂದು ನಾಲ್ಕು ಷರತ್ತು ಹಾಕಿದರು. ಬೀದಿಯವರು ಕಡೆದುಕೊಟ್ಟ ಬುಗುರಿಯೊಂದನ್ನು ಸಿಕ್ಕಿಸಿ ಸ್ವಿಚ್ ಒತ್ತಿದೆ. ಸದ್ದು ಹೊರಟಾಗ ಅತ್ತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸೆರಗಿನೊಳಗಿಂದ ಬಲಗೈ ಹೊರಗೆ ಬಂತು. ಹಳದಿ ಅರಗಿನ ಕಡ್ಡಿಯನ್ನು ಆ ಬೆರಳುಗಳ ನಡುವೆ ಇಟ್ಟು ಮೇಲೆ ನನ್ನ ಕೈ ಮುಚ್ಚಿದೆ. ಇಬ್ಬರೂ ಸೇರಿ ತಿರುಗುವ ಮರಕ್ಕೆ ಒತ್ತಿದೆವು. ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿತು. ಗೆರೆ ಅಂಕುಡೊಂಕಾಗಿ, ಒಂದು ಕಡೆ ದಪ್ಪ, ಒಂದು ಕಡೆ ಬೋಳು. "ಕಾರ್ಖಾನೇಲಾಗಿದ್ರೆ ಮಕಕ್ಕೆ ಎಸೀತಿದ್ರು" ಎಂದರು ಅತ್ತೆ, ಆದರೆ ಕಡ್ಡಿಯನ್ನು ಬಿಡಲಿಲ್ಲ.

ಹೀಗೆ ದಿನಾ ಬಣ್ಣ ಹಚ್ಚಿದ ಬುಗುರಿಗಳನ್ನೆಲ್ಲ ನಾನು ಮಾಡಿದ ಕ್ರಮದಲ್ಲೇ ಕಿಟಕಿಯ ಮೇಲೆ ಸಾಲಾಗಿ ಇಟ್ಟೆ. ಮೊದಲ ಹತ್ತಕ್ಕೆ ನನ್ನ ಕೈ ಬೇಕಾಯಿತು. ಆಮೇಲೆ ಮೊಣಕೈಗೆ ಮಾತ್ರ ಆಸರೆ. ಯುಗಾದಿಯ ಹೊತ್ತಿಗೆ ಗೆರೆಗಳ ಅಂಚು ನೆಟ್ಟಗಾಗತೊಡಗಿತು, ತಾಳೆಗರಿಯಿಂದ ಉಜ್ಜಿ ಹೊಳಪು ತರುವುದನ್ನು ಅತ್ತೆ ತಾವೇ ಮಾಡಿದರು. ಒಂದು ದಿನ ನಾನು ಅಡುಗೆಮನೆಯಲ್ಲಿದ್ದಾಗ ಸದ್ದು ಬದಲಾದದ್ದು ಕೇಳಿ ಓಡಿಬಂದರೆ, ಬಲಗೈಯಲ್ಲಿ ಸಣ್ಣ ಉಳಿ ಇತ್ತು. "ಅವ್ನಿಗೆ ಹೇಳ್ಬ್ಯಾಡ" ಎಂದರು. ಅವತ್ತು ಸಾರಿನಲ್ಲಿ ಹೊಟ್ಟಿತ್ತು. ನಾನು ಏನೂ ಅನ್ನದೆ ಉಂಡೆ.

ಮತ್ತೆ ಆಯುಧಪೂಜೆ ಬಂತು. ಮಾವ ಹೂವು ತೆಗೆದುಕೊಂಡು ಅಂಗಡಿಗೆ ಹೋದರು, ಯಜಮಾನರು ಗೇಟಿನ ಹತ್ತಿರ ಸ್ಕೂಟರಿಗೆ ನೀರು ಹಿಡಿದಿದ್ದರು. ಅತ್ತೆ ನನ್ನನ್ನು ನಡುಮನೆಗೆ ಕರೆದು, ಹಳೆಯ ಪಂಚೆಯ ತುಂಡೊಂದನ್ನು ಕೈಗೆ ಕೊಟ್ಟರು.

"ಈ ಸಲ ನೀರು ಬ್ಯಾಡ ಕಣವ್ವ. ಒಣಬಟ್ಟೇಲಿ ಒರೆಸು ಸಾಕು."

"ಯಾರು ಹೇಳಿದ್ರು ನಿಮ್ಗೆ?"

"ಯಾರು ಹೇಳ್ಬೇಕು? ಹನ್ನೆರಡು ವರ್ಸದ ಹೊಟ್ಟು ಸಂದೀಲಿ ಕೂತಿತ್ತು. ಆಸ್ಪತ್ರೆಯಿಂದ ಬಂದು ನೋಡಿದ್ರೆ ಫಳಫಳ ಅಂತಾ ಐತೆ. ವೋಲ್ಟೇಜು ಬಂದು ಕಸ ಗುಡಿಸಿ ಹೋಯ್ತದಾ?"

ವರ್ಷವಿಡೀ ನಾನು ಹೊತ್ತ ಭಾರ ನೆನೆದು ನನಗೆ ಸಿಟ್ಟೇ ಬಂತು. "ಮತ್ತೆ ಅವತ್ತೇ ಬೈಬೋದಿತ್ತಲ್ಲ. ನಾನು ಸುಳ್ಳು ಹೇಳ್ಕಂಡು ರಾಮನಗರಕ್ಕೆ ತಲೆ ಹೊತ್ಕಂಡು ಹೋಗೋದು ನೋಡ್ತಾ ಕೂತಿದ್ರಾ?"

ಅತ್ತೆ ಲೇತಿನ ಮೇಲೆ ಕೈಯಾಡಿಸುತ್ತಾ ನಿಧಾನವಾಗಿ ಹೇಳಿದರು. "ನಿಮ್ಮ ಮಾವ ತಕ್ಕಡಿಗೆ ಪೂಜೆ ಮಾಡ್ತಾರೆ. ನನ್ ಮಗ ಗಾಡಿಗೆ ಮಾಡ್ತಾನೆ. ನನ್ ಮಿಸಿನ್‌ಗೆ ಯಾವತ್ತೂ ನಾನೇ ಮಾಡ್ಕತಿದ್ದೆ. ಆಸ್ಪತ್ರೆ ಮಂಚದ ಮೇಲೆ ಅದೇ ಯೋಚ್ನೆ ನಂಗೆ, ಈ ವರ್ಸ ಅದಕ್ಕೆ ಒಂದು ಹೂವೂ ಇಲ್ವಲ್ಲ ಅಂತ. ಬಂದು ನೋಡಿದ್ರೆ ಹಾರ ಹಾಕಿತ್ತು. ಕೆಟ್ರೆ ಕೆಟ್ಕಳ್ಲಿ ಅನ್ಕಂಡೆ."

ನಾನು ತಲೆ ಬಗ್ಗಿಸಿ ಒರೆಸತೊಡಗಿದೆ. ಕಣ್ಣಿನ ನೀರು ಮೆಷೀನಿನ ಮೇಲೆ ಬಿತ್ತು, ಅದನ್ನೂ ಒರೆಸಿದೆ. ಹಾರ ಹಾಕಿದ್ದಾಯಿತು, ಫಲಕದ ಅಂಕಿಗಳನ್ನು ಬಿಟ್ಟು ಪಕ್ಕಕ್ಕೆ ಕುಂಕುಮ ಇಟ್ಟಿದ್ದಾಯಿತು. ಅತ್ತೆ ಬಟ್ಟಲನ್ನು ಎಡಗೈಗೆ ತೆಗೆದುಕೊಂಡು, "ಇಲ್ಲಿ ತಿರುಗು" ಎಂದರು. ಬಲಗೈಯ ಬೆರಳನ್ನು ಕುಂಕುಮದಲ್ಲಿ ಅದ್ದಿ, ನಡುಗುತ್ತಾ ನನ್ನ ಹಣೆಯವರೆಗೂ ತಂದು ಒತ್ತಿದರು. ಅದು ಹಣೆಯ ನಡುವೆ ಬೀಳದೆ ಹುಬ್ಬಿನ ಮೇಲೆ ಬಿತ್ತು. ಪೂಜೆ ಮುಗಿಸಿ ಬಂದ ಯಜಮಾನರು ನೋಡಿ, "ಕುಂಕ್ಮ ಸೊಟ್ಟಗೈತೆ, ಸರಿಮಾಡ್ಕೊ" ಎಂದರು. ನಾನು ಸರಿಮಾಡಿಕೊಳ್ಳಲಿಲ್ಲ.